ತೂಕ ಅಲ್ಲ, ಎತ್ತರ

ಇವತ್ತು ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರಿಗೆ ಪಿತ್ತಕೋಶದ ಕೀಹೋಲ್ ಆಪರೇಷನ್. ತೂಕ 94 ಕಿಲೋ, ಎತ್ತರ 160 ಸೆಂ.ಮೀ. ಅರಿವಳಿಕೆಯಲ್ಲಿ ಉಸಿರಾಡಿಸುವ ವೆಂಟಿಲೇಟರಿಗೆ ಎತ್ತರದ ಲೆಕ್ಕವೇ ಬೇಕು. ಹೊಟ್ಟೆ ಬೆಳೆದ ಹಾಗೆ ಶ್ವಾಸಕೋಶ ಬೆಳೆಯುವುದಿಲ್ಲ ಅಲ್ವಾ! ಎತ್ತರದ ಪ್ರಕಾರ ಇರಬೇಕಾದ ತೂಕ ಅಂತ ಲೆಕ್ಕಕ್ಕೆ ಸಿಕ್ಕಿದ್ದು 57 ಕಿಲೋ. ಒಂದು ಉಸಿರಿಗೆ 400 ಎಂಎಲ್ ಧಾರಾಳ.

ಪೀಪ್, ಅಂದರೆ ಉಸಿರು ಹೊರಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ, 5ರಲ್ಲಿ ಶುರು ಮಾಡಿದೆ. ಹೊಟ್ಟೆಗೆ ಗ್ಯಾಸ್ ತುಂಬಿದ್ದೇ ತಡ, ಪ್ಲಾಟೋ ಒತ್ತಡ (ಗಾಳಿ ಒಳಹೋಗಿ ನಿಂತಾಗ ಶ್ವಾಸಕೋಶದಲ್ಲಿರುವ ಒತ್ತಡ) 24ಕ್ಕೆ ಏರಿತು. ಪೀಪ್ 8 ಮಾಡಿದೆ. ಪ್ಲಾಟೋ ಅಲ್ಲೇ ನಿಂತಿತು! ಎರಡರ ನಡುವಿನ ಅಂತರ 19ರಿಂದ 16ಕ್ಕೆ ಇಳಿಯಿತು. ಅಂದರೆ ಶ್ವಾಸಕೋಶದಲ್ಲಿ ಮುಚ್ಚಿಕೊಂಡಿದ್ದ ಗಾಳಿಗೂಡುಗಳು ಒಂದಷ್ಟು ತೆರೆದುಕೊಂಡಿವೆ. ಹಾಗಂತ ಪೀಪ್ ಸುಮ್ನೆ ಏರಿಸುತ್ತಾ ಹೋದರೆ ಬಿಪಿ ಬೀಳುತ್ತದೆ. 2014ರ ಪ್ರೊವ್‌ಹೈಲೋ (PROVHILO) ಅಧ್ಯಯನದಲ್ಲಿ ಹೊಟ್ಟೆ ಕೊಯ್ದು ಮಾಡುವ ಆಪರೇಷನ್‌ಗಳಲ್ಲಿ ಪೀಪ್ 12 ಇಟ್ಟು ನೋಡಿದ್ದರು. ಶ್ವಾಸಕೋಶದ ತೊಂದರೆ ಕಮ್ಮಿಯಾಗಲಿಲ್ಲ.

ಹೊರಗೆ ಅವರ ಮಗಳ ಪ್ರಶ್ನೆ ಒಂದೇ: "ಡಾಕ್ಟ್ರೇ, ಅಪ್ಪನಿಗೆ ಗಂಜಿ ಯಾವಾಗ ಕೊಡಬಹುದು?"