ಮೂಳೆಯೊಳಗಿನ ಟೊಳ್ಳಿಗೆ ಯಾವ ಹಂದರ?

ಬೈಕಿನಿಂದ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ, ಅಂದರೆ ಟಿಬಿಯಾದ ಮೇಲ್ತುದಿ ಒಡೆದಾಗ ಕೀಲಿನ ಮೇಲ್ಮೈ ಎಷ್ಟೋ ಸಲ ಒಳಕ್ಕೆ ಕುಸಿದಿರುತ್ತದೆ. ಆಪರೇಷನ್ನಿನಲ್ಲಿ ಕುಸಿದ ಚೂರನ್ನು ಕೆಳಗಿನಿಂದ ಎತ್ತಿ ಮಟ್ಟ ಮಾಡುತ್ತಾರೆ. ಅಲ್ಲಿದ್ದ ಸ್ಪಂಜಿನಂಥ ಮೂಳೆ ಮಾತ್ರ ಅಪ್ಪಚ್ಚಿಯಾಗಿರುತ್ತದೆ, ಹಾಗಾಗಿ ಎತ್ತಿದ ಚೂರಿನಡಿ ಟೊಳ್ಳು ಉಳಿಯುತ್ತದೆ. ದೊಡ್ಡ ಟೊಳ್ಳನ್ನು ಹಾಗೇ ಬಿಟ್ಟರೆ ಕಾಲೂರಲು ಶುರುಮಾಡಿದ ಮೇಲೆ ಚೂರು ಮತ್ತೆ ಇಳಿಯಬಹುದು.

ಇದಕ್ಕೆ ಹಳೆಯ ಉತ್ತರ ರೋಗಿಯ ಸೊಂಟದಿಂದಲೇ ತೆಗೆದು ತುಂಬುವ ಮೂಳೆ. ಅದರಲ್ಲಿ ಜೀವಂತ ಕೋಶಗಳಿವೆ, ಮೂಳೆ ಬೆಳೆಸುವ ಪ್ರೋಟೀನುಗಳಿವೆ, ಹೊಸ ಮೂಳೆ ಹಬ್ಬಲು ಹಂದರವೂ ಇದೆ. ಕೃತಕ ವಸ್ತುಗಳಲ್ಲಿ ಬಹುತೇಕ ಎಲ್ಲವೂ ಕೊಡುವುದು ಹಂದರವನ್ನಷ್ಟೇ. ಟಿಬಿಯಾದ ಮೇಲ್ತುದಿಗೆ ಅಷ್ಟು ಸಾಕು, ಏಕೆಂದರೆ ಟೊಳ್ಳಿನ ಗೋಡೆಯ ಸುತ್ತ ರಕ್ತ ಚೆನ್ನಾಗಿದೆ, ಕೋಶಗಳು ತಾವಾಗಿ ಬರುತ್ತವೆ. ಇನ್ನೊಂದು ಗಾಯ ಮಾಡಿ ಸೊಂಟಕ್ಕೆ ತಿಂಗಳುಗಟ್ಟಲೆ ನೋವು ತರುವ ಅಗತ್ಯ ಇಲ್ಲಿ ಕಡಿಮೆ. ಆದರೆ ಕಾಲಿನ ಉದ್ದ ಮೂಳೆಯ ನಡುಭಾಗದ ತುಂಡೇ ಕಳೆದುಹೋಗಿದ್ದರೆ ಬರೀ ಕೃತಕ ವಸ್ತುವಿನ ಹರಳು ತುಂಬಿ ಕೂರುವುದು ತಪ್ಪು. ಅಲ್ಲಿ ರೋಗಿಯ ಸ್ವಂತ ಮೂಳೆ ಬೇಕು. ಅದು ಸಾಲದಿದ್ದಾಗ ಮಾತ್ರ ಅದರ ಮೂರು ಪಾಲಿಗೆ ಒಂದು ಪಾಲಿನಷ್ಟು ಕೃತಕ ಹರಳು ಬೆರೆಸಬಹುದು.

ಅವರೆ ಬಳ್ಳಿ ಹಬ್ಬುವ ಮೊದಲೇ ಹಂದರ ಮುರಿದರೆ ಬಳ್ಳಿ ನೆಲಕ್ಕೆ ಬೀಳುತ್ತದೆ. ವಸ್ತುವಿನ ಆಯ್ಕೆ ನಿಂತಿರುವುದೇ ಇದರ ಮೇಲೆ. ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಶುದ್ಧ ಪ್ಲಾಸ್ಟರ್ ಆಫ್ ಪ್ಯಾರಿಸ್, 1892ರಲ್ಲೇ ಜರ್ಮನಿಯ ವೈದ್ಯ ಡ್ರೀಸ್‌ಮನ್ ಮೂಳೆಯ ಟೊಳ್ಳುಗಳಿಗೆ ತುಂಬಿದ್ದ ವಸ್ತು. ಅದು ಒಂದೆರಡು ತಿಂಗಳಲ್ಲಿ ಕರಗಿಬಿಡುತ್ತದೆ. ಮೂಳೆಯ ಬೆಳವಣಿಗೆ ಅಷ್ಟು ಚುರುಕಲ್ಲ, ಹಾಗಾಗಿ ಭಾರ ಹೊರುವ ಕೀಲಿನಡಿ ಅದನ್ನೊಂದೇ ನಂಬುವುದು ಸರಿಯಲ್ಲ. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಇನ್ನೊಂದು ಕೃತಕ ವಸ್ತು ಸುಮಾರು 6ರಿಂದ 24 ತಿಂಗಳು ನಿಂತು ಮೂಳೆಗೆ ಜಾಗ ಬಿಡುತ್ತದೆ. ಹೆಚ್ಚು ಉಷ್ಣದಲ್ಲಿ ಸುಟ್ಟ ಹೈಡ್ರಾಕ್ಸಿಅಪಟೈಟ್, ಅಂದರೆ ಮೂಳೆಯ ಖನಿಜವನ್ನು ಹೋಲುವ ವಸ್ತು, ವರ್ಷಗಟ್ಟಲೆ ಹಾಗೇ ಇರುತ್ತದೆ. ಎರಡನ್ನೂ ಕೂಡಿಸಿದ ಹರಳು, ಸಾಮಾನ್ಯವಾಗಿ 60 ಪಾಲು ಹೈಡ್ರಾಕ್ಸಿಅಪಟೈಟ್‌ಗೆ 40 ಪಾಲು ಬೀಟಾ, ಈ ಟೊಳ್ಳಿಗೆ ಒಳ್ಳೆಯ ನಡುದಾರಿ.

ರಂಧ್ರದ ಲೆಕ್ಕವೂ ಇದೆ. ರಕ್ತನಾಳ ನುಸುಳಿ ಮೂಳೆ ಬೆಳೆಯಲು 100 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದೊಡ್ಡ ರಂಧ್ರ ಬೇಕು, 300ರಿಂದ 500 ಆದರೆ ಇನ್ನೂ ಒಳ್ಳೆಯದು. ರಂಧ್ರಗಳು ಒಂದಕ್ಕೊಂದು ತೆರೆದಿರಬೇಕು. ಮುಚ್ಚಿದ ಗುಳ್ಳೆಯಿಂದ ಪ್ರಯೋಜನವಿಲ್ಲ.

ಒಳ್ಳೆಯ ಹರಳೂ ಕೈತಪ್ಪಿನಿಂದ ಕೆಡುತ್ತದೆ. ಮೊದಲು ಹೆಪ್ಪುಗಟ್ಟಿದ ರಕ್ತವನ್ನೂ ಸಡಿಲ ಚೂರನ್ನೂ ತೊಳೆದು ತೆಗೆದು, ಗೋಡೆಯಿಂದ ತಾಜಾ ರಕ್ತ ಜಿನುಗುವಂತೆ ಮಾಡಬೇಕು. ಒಣ ಹರಳನ್ನು ನೇರವಾಗಿ ಸುರಿಯದೆ ರೋಗಿಯ ರಕ್ತದಲ್ಲೋ ಮಜ್ಜೆಯಲ್ಲೋ ಕೆಲವು ನಿಮಿಷ ನೆನೆಸಬೇಕು, ರಂಧ್ರದೊಳಗಿನ ಗಾಳಿ ಹೊರಡಲಿ. ಮಜ್ಜೆ ತೆಗೆಯುವಾಗ ಒಂದು ಜಾಗದಿಂದ 2 ಮಿಲಿಲೀಟರ್‌ಗಿಂತ ಹೆಚ್ಚು ಎಳೆಯಬಾರದು. ಎಳೆದಷ್ಟೂ ಬರುವುದು ಬರೀ ರಕ್ತ, ಕೋಶಗಳು ತೆಳುವಾಗುತ್ತವೆ. ತುಂಬುವಾಗ ಗೋಡೆಗೆ ತಾಗುವಷ್ಟು ಒತ್ತಿದರೆ ಸಾಕು. ಸುತ್ತಿಗೆಯಿಂದ ಬಡಿದು ಗಿಡಿದರೆ ಹರಳು ಪುಡಿಯಾಗಿ, ದುಡ್ಡು ಕೊಟ್ಟು ತಂದ ರಂಧ್ರವೇ ಮುಚ್ಚಿಹೋಗುತ್ತದೆ.

ಹರಳಿನ ಬದಲು ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟನ್ನೂ ಚುಚ್ಚಿ ತುಂಬಬಹುದು. ಮಂಡಿ ಬದಲಿಸುವಾಗ ಬಳಸುವ ಅಕ್ರಿಲಿಕ್ ಸಿಮೆಂಟ್ ಬೇರೆ. ಅದು ಬಿಸಿಯಾಗುತ್ತದೆ, ಕರಗುವುದೂ ಇಲ್ಲ. ಇದು ದೇಹದ ಉಷ್ಣದಲ್ಲೇ ಗಟ್ಟಿಯಾಗುತ್ತದೆ, ಒತ್ತುವ ಭಾರವನ್ನು ಚೆನ್ನಾಗಿ ತಡೆಯುತ್ತದೆ. 120 ಮುರಿತಗಳನ್ನು ಹೋಲಿಸಿ 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸೊಂಟದ ಮೂಳೆ ತುಂಬಿದ ಗುಂಪಿಗಿಂತ ಸಿಮೆಂಟ್ ತುಂಬಿದ ಗುಂಪಿನಲ್ಲಿ ಕೀಲು ಮತ್ತೆ ಕುಸಿದದ್ದು ಕಡಿಮೆ. ತಿರುಚುವ, ಜಾರಿಸುವ ಬಲಕ್ಕೆ ಮಾತ್ರ ಇದು ಬಿರಿಯುತ್ತದೆ, ಆದ್ದರಿಂದ ಪ್ಲೇಟ್ ಮತ್ತು ಸ್ಕ್ರೂ ಬೇಕೇ ಬೇಕು. ಸ್ಕ್ರೂಗಳನ್ನು ಮೊದಲು ಕೂರಿಸಿ, ಟೊಳ್ಳಿನ ಆಳದಿಂದ ಶುರುಮಾಡಿ ನಳಿಕೆಯನ್ನು ಹಿಂದಕ್ಕೆ ಎಳೆಯುತ್ತಾ ತುಂಬುವುದು ಕ್ಷೇಮ. ಗಟ್ಟಿಯಾಗುವ ನಿಮಿಷಗಳಲ್ಲಿ ಕಾಲು ಅಲುಗಬಾರದು. ಎಕ್ಸ್‌ರೇ ಪರದೆಯಲ್ಲಿ ಸಿಮೆಂಟ್ ಕೀಲಿನೊಳಕ್ಕೆ ಸೋರಿದ್ದು ಕಂಡರೆ ಆಗಲೇ ತೆಗೆಯಬೇಕು, ಉಳಿದರೆ ಮರಳಿನಂತೆ ಮೃದ್ವಸ್ಥಿಯನ್ನು, ಅಂದರೆ ಕೀಲಿನ ನುಣುಪು ಹೊದಿಕೆಯನ್ನು, ಉಜ್ಜಿ ಸವೆಸುತ್ತದೆ. ನಮ್ಮ ದೇಶದಲ್ಲೇ, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಇಂಥ ಸಿಮೆಂಟನ್ನು ರೂಪಿಸಿದೆ.

ಕೀವಿದ್ದ ಮೂಳೆಯ ಕಥೆಯೇ ಬೇರೆ. ಅಲ್ಲಿ ಬೇಗ ಕರಗುವ ಸಲ್ಫೇಟ್‌ನ ದೋಷವೇ ಗುಣವಾಗುತ್ತದೆ: ವ್ಯಾಂಕೋಮೈಸಿನ್, ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಬೆರೆಸಿದ ಸಲ್ಫೇಟ್ ಮಣಿಗಳು ಕರಗುತ್ತಾ ಔಷಧಿ ಬಿಡುತ್ತವೆ. ಕರಗುವಾಗ ಗಾಯದಿಂದ ತಿಳಿ ನೀರು ವಾರಗಟ್ಟಲೆ ಸೋರಬಹುದು. ಅದನ್ನು ಕೀವೆಂದು ತಿಳಿದು ಅವಸರಕ್ಕೆ ಮತ್ತೆ ಕೊಯ್ಯಬಾರದು. ಜ್ವರ, ಕೆಂಪು, ದುರ್ವಾಸನೆ, ರಕ್ತಪರೀಕ್ಷೆ ನೋಡಿ ತೀರ್ಮಾನಿಸಬೇಕು. ಮಣಿ ಹೆಚ್ಚು ತುಂಬಿದ್ದರೆ ರಕ್ತದ ಕ್ಯಾಲ್ಸಿಯಂ ಏರಬಹುದು, ಅದನ್ನೂ ಅಳೆಯಬೇಕು.

ಆಪರೇಷನ್ ಆದ ಮರುದಿನದ ಎಕ್ಸ್‌ರೇಯಲ್ಲಿ ಟೊಳ್ಳು ಬೆಳ್ಳಗೆ ಕಂಡರೆ ಮೂಳೆ ಕೂಡಿತೆಂದು ಅರ್ಥವಲ್ಲ, ಆ ಬಿಳುಪು ಹರಳಿನದು. ತಿಂಗಳುಗಳು ಕಳೆದಂತೆ ಹರಳಿನ ಅಂಚು ಮಸುಕಾಗಿ ಸುತ್ತಲಿನ ಮೂಳೆಯಲ್ಲಿ ಬೆರೆಯಬೇಕು. ಸುತ್ತ ಕಪ್ಪು ಗೆರೆ ಹಾಗೇ ಉಳಿದಿದ್ದರೆ ಮೂಳೆ ಇನ್ನೂ ಒಳಬಂದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ತುಂಬಿದ ವಸ್ತುವಿನ ಹೆಸರು, ಎಷ್ಟು ಸಿಸಿ ಎಂಬುದನ್ನು ಬರೆಸಿಕೊಳ್ಳಿ. ಆರು ತಿಂಗಳ ನಂತರ ಬೇರೆ ಊರಿನ ವೈದ್ಯರು ಆ ಎಕ್ಸ್‌ರೇ ಓದಬೇಕಾದರೆ ಅವರಿಗೆ ಮೊದಲು ಬೇಕಾಗುವುದು ಆ ಎರಡು ವಿವರ.