ಮೂರೂ ಕವರ್ ಮೇಲೆ 1-0-0

ಕಳೆದ ವರ್ಷ ಆಗಸ್ಟ್ ಕೊನೆಯ ವಾರ, ರಾತ್ರಿ ಒಂಬತ್ತೂಮುಕ್ಕಾಲು. ಊಟಕ್ಕೆ ಕೂತಿದ್ದೆ. ಕ್ಯಾಶುವಾಲ್ಟಿಯಿಂದ ಫೋನ್ ಬಂತು.

"ಮೇಡಂ, ನಿಮ್ಮ ಪೇಶಂಟ್ ಒಬ್ರು ಬಂದಿದಾರೆ, ಥೈರಾಯ್ಡ್‌ನವರು. ಸಂಜೆಯಿಂದ ಎದೆ ಹೊಡ್ಕೊಳ್ತಿದೆಯಂತೆ. ಇಸಿಜಿ ಪೂರ್ತಿ ಇರ್ರೆಗ್ಯುಲರ್, ರೇಟ್ 150ರ ಹತ್ತಿರ ಇದೆ. ಬೀಪಿ 130/80."

ಹೆಸರು ಹೇಳಿದ ಕೂಡಲೇ ಮುಖ ನೆನಪಾಯಿತು. (ಗುರುತು ಸಿಗದಿರಲಿ ಎಂದು ಒಂದೆರಡು ವಿವರ ಬದಲಿಸಿದ್ದೇನೆ.) 61 ವರ್ಷ, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವರು. ಥೈರಾಯ್ಡ್ ಹಾರ್ಮೋನ್ ಕಮ್ಮಿ ಇದ್ದುದರಿಂದ ಎಂಟು ವರ್ಷದಿಂದ ಅದೇ ಹಾರ್ಮೋನಿನ ಮಾತ್ರೆ ಥೈರಾಕ್ಸಿನ್ ಅನ್ನು ದಿನಕ್ಕೆ 100 ಮೈಕ್ರೋಗ್ರಾಂ ತೆಗೆದುಕೊಳ್ಳುತ್ತಿದ್ದರು. ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದರೆ ಏರುವ, ಜಾಸ್ತಿಯಾದರೆ ಇಳಿಯುವ ರಕ್ತಪರೀಕ್ಷೆಯ ಅಂಕಿ) ಯಾವಾಗ ನೋಡಿದರೂ ಎರಡು, ಎರಡೂವರೆ, ಅಂದರೆ ಸರಿಯಾಗೇ ಇತ್ತು. ವರ್ಷಕ್ಕೊಮ್ಮೆ ಬಂದು, ರಿಪೋರ್ಟ್ ತೋರಿಸಿ, "ಅದೇ ಮುಂದುವರಿಸ್ಲಾ ಡಾಕ್ಟ್ರೆ?" ಎಂದು ಕೇಳಿ ಹೋಗುತ್ತಿದ್ದರು.

ಆ ವರ್ಷ ಜನವರಿಯಲ್ಲಿ ಅವರು ಬಂದಾಗ ಬಾಗಿಲಲ್ಲೇ ಗೊತ್ತಾಗಿತ್ತು. ಮುಖ ಊದಿತ್ತು, ದನಿ ದಪ್ಪಗಾಗಿತ್ತು. ಎರಡು ಸ್ವೆಟರ್ ಹಾಕಿಕೊಂಡಿದ್ದರು. ಮಲಬದ್ಧತೆ, ಕೂತಲ್ಲೇ ನಿದ್ದೆ, ಬಾಚಿದರೆ ಕೈತುಂಬ ಕೂದಲು. ಪಲ್ಸ್ ನೋಡಲು ಕೈ ಹಿಡಿದರೆ ಅಂಗೈ ತಣ್ಣಗೆ, ಒಣಗಿ ಒರಟಾಗಿತ್ತು. ಟಿಎಸ್‌ಎಚ್ 14.6.

"ಮಾತ್ರೆ ಸರಿಯಾಗಿ ತಗೋತಿದೀರಾ ಅಮ್ಮ?"

"ಒಂದಿನಾನೂ ತಪ್ಪಿಸಿಲ್ಲ ಡಾಕ್ಟ್ರೆ."

ಅವರು ಹೇಳಿದ್ದು ನಿಜ, ಒಂದು ದಿನವೂ ತಪ್ಪಿಸಿರಲಿಲ್ಲ. ನಾನು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿತ್ತು, ಆದರೆ ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳಿರಲೇ ಇಲ್ಲ. ಸೋಮವಾರದ ಓಪಿಡಿ, ಹೊರಗೆ ಎಪ್ಪತ್ತು ಟೋಕನ್. ಕಂಪ್ಯೂಟರಿನಲ್ಲಿ ಹಳೆಯ ಚೀಟಿಗೆ ರಿಪೀಟ್ ಬಟನ್ ಒತ್ತಿ, 100 ಇದ್ದದ್ದನ್ನು 125 ಮಾಡಿ ಪ್ರಿಂಟ್ ಕೊಟ್ಟೆ. ಮಾರ್ಚ್‌ನಲ್ಲಿ 11.8 ಬಂತು. ಮತ್ತೆ ರಿಪೀಟ್, ಈ ಸಲ 150. ಮೇ ತಿಂಗಳಲ್ಲಿ 5.9. ಮುಖದ ಊತ ಇಳಿದಿತ್ತು, "ಈಗ ಪರವಾಗಿಲ್ಲ" ಅಂದರು. ಹಾದಿಗೆ ಬಂತು ಎಂದುಕೊಂಡು, ಇದನ್ನೇ ಮುಂದುವರಿಸಿ, ಆರು ತಿಂಗಳು ಬಿಟ್ಟು ಬನ್ನಿ ಎಂದೆ.

ಅವರ ತೂಕ 58 ಕೆಜಿ. ಕೆಜಿಗೆ 1.6 ಮೈಕ್ರೋಗ್ರಾಂ ಲೆಕ್ಕ ಹಾಕಿದರೂ ಪೂರ್ತಿ ಡೋಸ್ 93ರ ಆಸುಪಾಸು. ಹೌಸ್ ಸರ್ಜನ್‌ಗಳಿಗೆ ಈ ಲೆಕ್ಕ ನಾನೇ ಹೇಳಿಕೊಡುತ್ತೇನೆ. ಗ್ರಂಥಿ ಒಂದಿಷ್ಟೂ ಕೆಲಸ ಮಾಡದಿದ್ದರೂ 100 ಸಾಕಾಗಬೇಕಿದ್ದ ದೇಹ 150ಕ್ಕೂ ಜಗ್ಗುತ್ತಿಲ್ಲ ಎಂದರೆ ಮಾತ್ರೆ ರಕ್ತಕ್ಕೆ ತಲುಪುತ್ತಿಲ್ಲ ಎಂದು ಆ ಗುಣಾಕಾರವೇ ಹೇಳುತ್ತಿತ್ತು. ಮೂರು ಭೇಟಿಯಲ್ಲಿ ಒಮ್ಮೆಯೂ ಆ ಲೆಕ್ಕ ಮಾಡಲಿಲ್ಲ. ಟಿಎಸ್‌ಎಚ್ ಇಳಿಯುತ್ತಿದೆಯಲ್ಲ ಎಂಬ ಸಮಾಧಾನದಲ್ಲಿದ್ದೆ.

ಆ ರಾತ್ರಿ ಆಸ್ಪತ್ರೆಗೆ ಹೋಗುವ ಹತ್ತು ನಿಮಿಷದಲ್ಲಿ ತಲೆಯಲ್ಲಿ ಓಡಿದ್ದೆಲ್ಲ ಬೇರೆಯೇ. ಈ ವಯಸ್ಸಿಗೆ ಹೊಸದಾಗಿ ಎಎಫ್, ಅಂದರೆ ಹೃದಯ ತಾಳ ತಪ್ಪಿ ಬಡಿಯುವುದು. ಹಳೆಯ ರುಮ್ಯಾಟಿಕ್ ಜ್ವರದಿಂದ ಹಾಳಾದ ಹೃದಯದ ವಾಲ್ವ್ ಇದೆಯಾ? ಎಂಟು ವರ್ಷ ನೋಡಿಯೂ ಮೈಟ್ರಲ್ ಸ್ಟೆನೋಸಿಸ್ (ಆ ವಾಲ್ವ್ ಕಿರಿದಾಗುವುದು) ಗಮನಿಸದೆ ಬಿಟ್ಟೆನಾ? ಜ್ವರ, ನ್ಯುಮೋನಿಯಾ, ಪೊಟ್ಯಾಸಿಯಂ? ಥೈರಾಯ್ಡ್ ಆ ಪಟ್ಟಿಯಲ್ಲೇ ಇರಲಿಲ್ಲ. "ಇವರದ್ದು ಕಮ್ಮಿ ಥೈರಾಯ್ಡ್, ಮೇ ತಿಂಗಳಲ್ಲೂ ಟಿಎಸ್‌ಎಚ್ ಜಾಸ್ತಿಯೇ ಇತ್ತು" ಎಂದು ಅದನ್ನು ಮೊದಲೇ ಬದಿಗಿಟ್ಟಿದ್ದೆ.

ಹಾಸಿಗೆಯ ಮೇಲೆ ಅರ್ಧ ಎದ್ದು ಕೂತಿದ್ದರು. ಮಾನಿಟರ್‌ನಲ್ಲಿ 148, 156, 139, ಒಂದು ಅಂಕಿಯೂ ನಿಲ್ಲುತ್ತಿರಲಿಲ್ಲ. ಸಿಸ್ಟರ್ ಲೈನ್ ಹಾಕಿದ್ದರು. ಎಡಕ್ಕೆ ಮಗ್ಗುಲಾಗಿಸಿ ಸ್ಟೆತ್ ಇಟ್ಟು ಮರ್ಮರ್ (ವಾಲ್ವ್ ಕೆಟ್ಟಾಗ ಕೇಳುವ ಸದ್ದು) ಹುಡುಕಿದೆ. ಆ ವೇಗದಲ್ಲಿ ಏನೂ ಕೇಳಿಸದು. ಬಡಿತ ಇಳಿಸುವ ಮೆಟೊಪ್ರೊಲಾಲ್ 5 ಎಂಜಿ ನಿಧಾನವಾಗಿ ಕೊಡಲು ಹೇಳಿ, ಧೈರ್ಯಕ್ಕಿರಲಿ ಎಂದು ಅವರ ಕೈ ಹಿಡಿದುಕೊಂಡೆ.

ಅಂಗೈ ಬಿಸಿಯಾಗಿತ್ತು, ಬೆವರಿನಿಂದ ಜಿಗುಟಾಗಿತ್ತು. ಬೆರಳು ಸಣ್ಣಗೆ, ಒಂದೇ ಸಮನೆ ನಡುಗುತ್ತಿದ್ದವು. ಜನವರಿಯಲ್ಲಿ ಕಲ್ಲಿನ ಹಾಗೆ ತಣ್ಣಗಿದ್ದ ಅದೇ ಕೈ.

ನನ್ನ ಎದೆ ಝಲ್ಲೆಂದಿತು. ಸೊಸೆಯ ಕಡೆ ತಿರುಗಿ, "ಇವರು ನುಂಗೋ ಮಾತ್ರೆ ಎಲ್ಲಾ ತಂದಿದೀರಾ?" ಎಂದೆ.

ಬ್ಯಾಗಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮಂಚದ ಮೇಲೆ ಸುರಿದಳು. ಥೈರಾಕ್ಸಿನ್ ಬಾಟಲಿ, ಬೀಪಿ ಮಾತ್ರೆಯ ಸ್ಟ್ರಿಪ್, ಮೆಡಿಕಲ್‌ನವರು ಕೊಡುವ ಸಣ್ಣ ಕಾಗದದ ಕವರ್‌ಗಳು. ಒಂದು ಕವರ್ ಖಾಲಿ. ಅದರ ಮೇಲೆ ನೀಲಿ ಪೆನ್ನಿನಲ್ಲಿ ಕ್ಯಾಲ್ಸಿಯಂ, 1-0-0, ಅಂದರೆ ಬೆಳಗ್ಗೆ ಒಂದು, ಮಧ್ಯಾಹ್ನ ರಾತ್ರಿ ಇಲ್ಲ. ಇನ್ನೊಂದು ಖಾಲಿ ಕವರ್, ಪ್ಯಾಂಟಾಪ್ರಜೋಲ್, ಅದೂ 1-0-0. ಥೈರಾಕ್ಸಿನ್ ಬಾಟಲಿ ಇಟ್ಟುಕೊಟ್ಟ ಕವರ್ ಮೇಲೆ ಅದೇ ಕೈಬರಹ, ಅದೇ 1-0-0.

"ಇವು ಯಾವಾಗಿಂದ?"

"ಹೋದ ಅಕ್ಟೋಬರ್‌ನಲ್ಲಿ ಮಂಡಿ ನೋವಿಗೆ ಮೂಳೆ ಡಾಕ್ಟ್ರು ಕೊಟ್ಟಿದ್ದು ಮೇಡಂ, ಇಲ್ಲೇ. ಜೂನ್‌ನಲ್ಲಿ ಸಾಕು ಅಂದ್ರು, ನಿಲ್ಲಿಸಿದ್ವಿ."

"ಎಲ್ಲಾ ಒಟ್ಟಿಗೇ ತಗೊಳ್ತಿದ್ರಾ?"

"ಹೂಂ, ಬೆಳಗ್ಗೆ ಎದ್ದು ಖಾಲಿ ಹೊಟ್ಟೇಲಿ, ಒಂದೇ ಸಲಕ್ಕೆ. ಅತ್ತೆ ಇದರಲ್ಲಿ ಬಹಳ ಕಟ್ಟುನಿಟ್ಟು."

ಅಷ್ಟು ಹೊತ್ತಿಗೆ ಮಾನಿಟರ್ 118ಕ್ಕೆ ಇಳಿದಿತ್ತು. ನನಗೆ ಮಾತ್ರ ಮಾತು ಹೊರಡಲಿಲ್ಲ.

ಅಕ್ಟೋಬರ್‌ನಿಂದ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಥೈರಾಕ್ಸಿನ್ ಅನ್ನು ಕಟ್ಟಿಹಾಕಿತ್ತು. ಪ್ಯಾಂಟಾಪ್ರಜೋಲ್ ಆಮ್ಲ ಇಳಿಸಿ, ಮಾತ್ರೆ ಕರಗುವುದನ್ನೇ ಕಷ್ಟ ಮಾಡಿತ್ತು. ನುಂಗಿದ್ದರಲ್ಲಿ ಎಷ್ಟೋ ಪಾಲು ಹಾಗೇ ಹೊರಗೆ ಹೋಗುತ್ತಿತ್ತು. ರೋಗ ಹೆಚ್ಚಿತು ಎಂದು ತಿಳಿದು ನಾನು ಡೋಸ್ ಏರಿಸುತ್ತ ಹೋದೆ. ಜೂನ್‌ನಲ್ಲಿ ಅಡ್ಡಿ ಸರಿಯಿತು. ಆಮೇಲೆ 150ರ ಮಾತ್ರೆ ಅಡ್ಡಿಯಿಲ್ಲದೆ ಒಳಗೆ ಹೋಗತೊಡಗಿತು. ಥೈರಾಕ್ಸಿನ್ ಅರ್ಧಾಯುಷ್ಯ (ರಕ್ತದಲ್ಲಿ ಅರ್ಧಕ್ಕೆ ಇಳಿಯುವ ಕಾಲ) ಸುಮಾರು ಏಳು ದಿನ, ರಕ್ತದಲ್ಲಿ ಮಟ್ಟ ನೆಲೆನಿಲ್ಲಲು ಐದಾರು ವಾರ ಬೇಕು. ಹಾಗಾಗಿ ತಕ್ಷಣಕ್ಕೆ ಏನೂ ಕಾಣಲಿಲ್ಲ. ಜುಲೈನಲ್ಲಿ ನಿದ್ದೆ ಹೋಯಿತಂತೆ, ತೂಕ ಇಳಿಯಿತಂತೆ. "ಊತ ಇಳೀತಿದೆ, ಔಷಧಿ ಹಿಡಿದಿದೆ" ಎಂದು ಮನೆಯವರು ಖುಷಿಪಟ್ಟಿದ್ದರು. ಮೂಳೆ ಡಾಕ್ಟರ್ ಕ್ಯಾಲ್ಸಿಯಂ ನಿಲ್ಲಿಸಿದ್ದರಲ್ಲಿ ತಪ್ಪೇನಿಲ್ಲ. ಅದು ನಿಂತರೆ ನನ್ನ ಡೋಸ್ ವಿಷವಾಗುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ನನಗೇ ಗೊತ್ತಿರಲಿಲ್ಲ.

ರಕ್ತ ಹೆಪ್ಪುಗಟ್ಟದಿರಲಿ ಎಂದು ಹೆಪಾರಿನ್ ಶುರು ಮಾಡಿದೆವು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಸೈನಸ್‌ಗೆ, ಅಂದರೆ ಹೃದಯದ ಸಹಜ ತಾಳಕ್ಕೆ, ಬಂದರು. ಟಿಎಸ್‌ಎಚ್ 0.02, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್) ಮೇಲಿನ ಗೆರೆ ದಾಟಿತ್ತು. ಎಕೋದಲ್ಲಿ ವಾಲ್ವ್ ಎಲ್ಲ ಚೆನ್ನಾಗಿದ್ದವು.

ರೌಂಡ್ಸ್ ಹೊತ್ತಿಗೆ ಮಗ ಬಂದಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಮೊದಲಿನ 100 ಸರಿಯಾಗೇ ಇತ್ತಲ್ವಾ ಮೇಡಂ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಹೌದು, ಸರಿಯಾಗೇ ಇತ್ತು. ತಪ್ಪು ನಂದು" ಎಂದೆ. ಆ ಪ್ರಶ್ನೆ ಇವತ್ತಿಗೂ ಚುಚ್ಚುತ್ತದೆ.

ನಮ್ಮ ಸಾಫ್ಟ್‌ವೇರ್ ಬಗ್ಗೆಯೂ ಹೇಳಲೇಬೇಕು. ನನ್ನ ಸ್ಕ್ರೀನ್‌ನಲ್ಲಿ ನಾನು ಬರೆದದ್ದು ಮಾತ್ರ ಕಾಣುತ್ತದೆ. ಆರ್ಥೋದವರು ಏನು ಬರೆದರೆಂದು ನೋಡಬೇಕಾದರೆ ಪೇಶಂಟ್ ಹಿಸ್ಟರಿಗೆ ಹೋಗಿ, ಡಿಪಾರ್ಟ್‌ಮೆಂಟ್ ಆರಿಸಿ, ವಿಸಿಟ್ ಆರಿಸಿ, ಪಿಡಿಎಫ್ ತೆರೆಯಬೇಕು. ಒಬ್ಬರಿಗೆ ನಾಲ್ಕು ನಿಮಿಷ ಸಿಗುವ ಓಪಿಡಿಯಲ್ಲಿ ಇದು ನಡೆಯುವ ಮಾತಲ್ಲ. ರಿಪೀಟ್ ಬಟನ್ ಮಾತ್ರ ಕೈಗೆ ಸಿಗುವ ಹಾಗೆ, ದೊಡ್ಡದಾಗಿ, ಹಸಿರು ಬಣ್ಣದಲ್ಲಿದೆ. ಈಗ ನಡೆಯುತ್ತಿರುವ ಮಾತ್ರೆಗಳೆಲ್ಲ ಒಂದೇ ಪುಟದಲ್ಲಿ ಬರಲಿ ಎಂದು ಮೂರು ಮೀಟಿಂಗ್‌ನಲ್ಲಿ ಕೇಳಿದ್ದೇನೆ. ಪ್ರತಿ ಸಲ "ವೆಂಡರ್‌ಗೆ ಹೇಳಿದೀವಿ" ಎಂಬ ಉತ್ತರ. ಬರುವ ತಿಂಗಳೂ ಕೇಳುತ್ತೇನೆ. ಆದರೂ ಸಾಫ್ಟ್‌ವೇರ್ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಆ ಡಬ್ಬಿಯನ್ನು ಜನವರಿಯಲ್ಲೇ ತರಿಸಿ ನೋಡಬಹುದಿತ್ತು.

ಈಗ ಟಿಎಸ್‌ಎಚ್ ಏರಿದೆ ಎಂದು ಬಂದವರನ್ನು "ಸರಿಯಾಗಿ ತಗೋತಿದೀರಾ" ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. "ಬೆಳಗ್ಗೆ ಎದ್ದಾಗಿನಿಂದ ತಿಂಡಿ ತಿನ್ನೋವರೆಗೆ ಬಾಯಿಗೆ ಏನೇನು ಹೋಗುತ್ತೆ, ಒಂದೊಂದಾಗಿ ಹೇಳಿ" ಅನ್ನುತ್ತೇನೆ. ಆಗ ಹೊರಬರುತ್ತದೆ: ಮಾತ್ರೆ ನುಂಗಿದ್ದೇ ಕಾಫಿಯಲ್ಲಿ, ಅದರ ಜೊತೆಗೆ ಐರನ್, ವಾರದಿಂದ ಬಾಟಲಿ ಖಾಲಿ, ಮಾತ್ರೆ ಬಿಸಿಲು ಬೀಳುವ ಕಿಟಕಿಯಲ್ಲಿ. ಟೆಸ್ಟ್‌ಗೆ ಮುಂಚಿನ ಒಂದು ವಾರ ಮಾತ್ರ ಶ್ರದ್ಧೆಯಿಂದ ನುಂಗಿ ಬರುವವರೂ ಇದ್ದಾರೆ. ಅವರಲ್ಲಿ ಫ್ರೀ ಟಿ4 ಚೆನ್ನಾಗಿದ್ದು ಟಿಎಸ್‌ಎಚ್ ಮಾತ್ರ ಮೇಲಿರುತ್ತದೆ.

ಕ್ಯಾಲ್ಸಿಯಂ, ಐರನ್ ಇದ್ದರೆ ನಾಲ್ಕು ತಾಸು ಅಂತರ. ಬೆಳಗ್ಗೆ ಆಗದವರಿಗೆ ರಾತ್ರಿ ಊಟವಾಗಿ ಮೂರು ತಾಸಿನ ಮೇಲೆ ಥೈರಾಕ್ಸಿನ್. ಅಡ್ಡಿ ಸಿಕ್ಕಿದರೆ ಡೋಸ್ ಮುಟ್ಟುವುದಿಲ್ಲ, ಅಡ್ಡಿ ತೆಗೆದು ಆರರಿಂದ ಎಂಟು ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡುತ್ತೇನೆ. ಅಡ್ಡಿ ಇದ್ದಾಗ ಯಾರೋ ಡೋಸ್ ಏರಿಸಿಬಿಟ್ಟಿದ್ದರೆ, ಅಡ್ಡಿ ತೆಗೆದ ದಿನವೇ ಇಳಿಸುವ ಮಾತೂ ಆಡುತ್ತೇನೆ. ಇನ್ನು ಸುಸ್ತು, ಕೂದಲು ಉದುರುವುದು ಎಲ್ಲ ವಾಪಸ್ ಬಂದಿದ್ದು, ಟಿಎಸ್‌ಎಚ್ ಸರಿಯಿದ್ದರೆ, ಹಿಮೋಗ್ಲೋಬಿನ್, ಬಿ12, ನಿದ್ದೆಯಲ್ಲಿ ಗೊರಕೆ, ಮನಸ್ಸಿನ ಸ್ಥಿತಿ ಕೇಳುತ್ತೇನೆ. "ಸ್ವಲ್ಪ ಏರಿಸಿ ನೋಡೋಣ" ಎಂಬ ಮಾತು ಈಗ ನನ್ನ ಬಾಯಲ್ಲಿ ಸುಲಭಕ್ಕೆ ಬರುವುದಿಲ್ಲ. ಥೈರಾಕ್ಸಿನ್ ತೆಗೆದುಕೊಳ್ಳುವವರು ಇದನ್ನು ಓದುತ್ತಿದ್ದರೆ, ತಾವಾಗಿ ಡೋಸ್ ಬದಲಿಸಬೇಡಿ. ಬೇರೆ ಯಾವ ಮಾತ್ರೆ ಶುರುವಾದರೂ, ನಿಂತರೂ ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿ.

ಅವರಿಗೆ ಹತ್ತು ದಿನ ಥೈರಾಕ್ಸಿನ್ ನಿಲ್ಲಿಸಿ ಮತ್ತೆ 100ಕ್ಕೆ ತಂದೆ. ನವೆಂಬರ್‌ನಲ್ಲಿ ಟಿಎಸ್‌ಎಚ್ 2.8. ಆ ದಿನ ಒಳಗೆ ಬಂದವರು ಕೂರುವ ಮೊದಲೇ ಚೀಲದಿಂದ ಎರಡು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಒಂದರಲ್ಲಿ ಥೈರಾಕ್ಸಿನ್ ಬಾಟಲಿ ಮಾತ್ರ, ಇನ್ನೊಂದರಲ್ಲಿ ಉಳಿದದ್ದೆಲ್ಲ. ಕೈ ಚಾಚಿದರು. ಹಿಡಿದು ನೋಡಿದೆ, ಬೆಚ್ಚಗಿತ್ತು, ನಡುಕವಿರಲಿಲ್ಲ.

"ನನ್ನ ತಂಗಿಗೂ ಥೈರಾಯ್ಡ್ ಇದೆ ಡಾಕ್ಟ್ರೆ. ಅವಳೂ ರಕ್ತದ ಮಾತ್ರೆ ಜೊತೆ ಸೇರಿಸೇ ನುಂಗೋದು. ಡೋಸ್ ಬೇರೆ ಏರಿಸಿದಾರಂತೆ. ನಾಳೆ ಕರ್ಕೊಂಡು ಬರ್ಲಾ?"

"ನಾಳೇನೇ ಬನ್ನಿ. ಡಬ್ಬೀನೂ ತರೋಕೆ ಹೇಳಿ" ಎಂದೆ.