ನಲವತ್ತು ಮೀಟರ್ ಬ್ಯಾಂಡಿಗೊಂದು ತಂತಿಯ ಆಂಟೆನಾ

ಮೈಸೂರು, 14 ಜನವರಿ 2024, ಭಾನುವಾರ

ಹವ್ಯಾಸಿ ರೇಡಿಯೋದ ನಲವತ್ತು ಮೀಟರ್ ಬ್ಯಾಂಡಿಗಾಗಿ (ಸುಮಾರು ಅಷ್ಟು ತರಂಗಾಂತರದ ಆವರ್ತನಗಳ ಪಟ್ಟಿ) ಕಟ್ಟುತ್ತಿದ್ದ ಡೈಪೋಲ್, ಅಂದರೆ ಎರಡು ತೋಳುಗಳ ತಂತಿಯ ಆಂಟೆನಾ, ಇಂದು ತಾರಸಿಯ ಮೇಲೇರಿತು. ತಂತಿಯ ಉದ್ದವನ್ನು ಕಂಡುಕೊಳ್ಳಲು ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಬಳಸುವ ಲೆಕ್ಕ ಸರಳವಾದದ್ದು: 143ನ್ನು ಮೆಗಾಹರ್ಟ್ಸ್ ಲೆಕ್ಕದ ಆವರ್ತನದಿಂದ ಭಾಗಿಸಿದರೆ ಅರ್ಧ ತರಂಗದ ಉದ್ದ ಮೀಟರುಗಳಲ್ಲಿ ಸಿಗುತ್ತದೆ. ನಮ್ಮಲ್ಲಿ ಈ ಬ್ಯಾಂಡು 7.000ರಿಂದ 7.200 ಮೆಗಾಹರ್ಟ್ಸ್‌ವರೆಗೆ ಇರುವುದರಿಂದ ನಡುವಿನ 7.100ನ್ನು ಆರಿಸಿಕೊಂಡೆ; ಒಟ್ಟು 20.14 ಮೀಟರ್, ಒಂದೊಂದು ತೋಳಿಗೆ 10.07 ಮೀಟರ್ ಎಂದಾಯಿತು.

ಆದರೂ ಪ್ರತಿ ತೋಳನ್ನು 10.40 ಮೀಟರಿಗೆ ಕತ್ತರಿಸಿದೆ. ಮನೆಯ ವೈರಿಂಗಿಗೆ ಬಳಸುವ ತಂತಿಯ ಪಿವಿಸಿ ಹೊದಿಕೆ, ನೆಲದ ಸಾಮೀಪ್ಯ, ಪಕ್ಕದಲ್ಲಿರುವ ಕಬ್ಬಿಣದ ಸರಳುಗಳು ಎಲ್ಲವೂ ಅನುರಣನವನ್ನು (ಆಂಟೆನಾ ಚೆನ್ನಾಗಿ ಸ್ಪಂದಿಸುವ ಆವರ್ತನವನ್ನು) ಅತ್ತಿತ್ತ ಸರಿಸುವುದರಿಂದ, ಆ ಸೂತ್ರ ಕೆಲಸ ಆರಂಭಿಸುವುದಕ್ಕೆ ಸಾಕೇ ಹೊರತು ಮುಗಿಸುವುದಕ್ಕಲ್ಲ. ಉದ್ದದ ತಂತಿಯನ್ನು ಮೋಟು ಮಾಡಬಹುದು, ಮೋಟಾದದ್ದನ್ನು ಬೆಳೆಸಲಾಗದು. ನೀರಿನ ಟ್ಯಾಂಕಿನ ಪಕ್ಕದ ಕಬ್ಬಿಣದ ಪೈಪಿನ ತುದಿಗೆ ನಡುಭಾಗವನ್ನು ಕಟ್ಟಿ, ಎರಡೂ ತೋಳುಗಳನ್ನು ತಲೆಕೆಳಗಾದ 'ವಿ' ಆಕಾರದಲ್ಲಿ ಇಳಿಬಿಟ್ಟು, ಒಂದು ತುದಿಯನ್ನು ಹಿತ್ತಿಲ ತೆಂಗಿನ ಮರಕ್ಕೂ ಇನ್ನೊಂದನ್ನು ಗೇಟಿನ ಬಳಿಯ ಕಂಬಕ್ಕೂ ನೈಲಾನ್ ಹಗ್ಗದಿಂದ ಬಿಗಿದೆ. ಇನ್ಸುಲೇಟರಿಗೆ ಪಿವಿಸಿ ಪೈಪಿನ ತುಂಡುಗಳೇ ಸಾಕಾದವು. ಇದಕ್ಕೆ ಹಣ ಸುರಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಪ್ರಸಾರದ ವೇಳೆ ತುದಿಗಳಲ್ಲಿ ವೋಲ್ಟೇಜು ಬಹಳ ಹೆಚ್ಚಿರುವ ಕಾರಣ ಅವು ಯಾರ ಕೈಗೂ ಎಟುಕದಷ್ಟು ಎತ್ತರದಲ್ಲಿವೆ.

ಹಣವನ್ನು ಉಳಿಸಬಾರದ ಜಾಗವೆಂದರೆ ಕೇಬಲ್ ತಂತಿಯನ್ನು ಸೇರುವ ನಡುಭಾಗ. ಅಲ್ಲಿ ರೇಡಿಯೋದಿಂದ ಬರುವ ಕೋಆಕ್ಸ್ ಕೇಬಲ್ಲನ್ನು (ನಡುವೆ ಒಂದು ತಂತಿ, ಸುತ್ತ ಲೋಹದ ಜಾಲರಿ ಇರುವಂಥದು) ಫೆರೈಟ್ ಎಂಬ ಕಾಂತೀಯ ವಸ್ತುವಿನ ಉಂಗುರಕ್ಕೆ ಹಲವು ಸುತ್ತು ಸುತ್ತಿ ಚೋಕ್, ಅಂದರೆ ತಡೆ, ಮಾಡಿದ್ದೇನೆ. ಅದಿಲ್ಲದಿದ್ದರೆ ವಿದ್ಯುತ್ತು ಕೇಬಲ್ಲಿನ ಹೊರಜಾಲರಿಯ ಮೇಲೂ ಹರಿದು, ಕೇಬಲ್ಲೇ ಆಂಟೆನಾದ ಮೂರನೆಯ ತೋಳಾಗಿ, ಮನೆಯ ಎಲ್‌ಇಡಿ ದೀಪಗಳ, ಮೊಬೈಲ್ ಚಾರ್ಜರುಗಳ ಗದ್ದಲವನ್ನೆಲ್ಲ ಹೆಕ್ಕಿ ರಿಸೀವರಿಗೆ ತಂದು ಸುರಿಯುತ್ತದೆ.

ಮೊದಲು ನೋಡಿದಾಗ ಎಸ್‌ಡಬ್ಲ್ಯೂಆರ್ (ಆಂಟೆನಾ ಕೇಬಲ್ಲಿಗೆ ಎಷ್ಟು ಹೊಂದಿಕೊಂಡಿದೆ ಎಂಬುದರ ಅಳತೆ; 1 ಇದ್ದರೆ ಪೂರ್ಣ ಹೊಂದಿಕೆ) 6.850 ಮೆಗಾಹರ್ಟ್ಸ್‌ನಲ್ಲಿ ಅತಿ ಕಡಿಮೆ ಇತ್ತು. ಉದ್ದಕ್ಕೂ ಆವರ್ತನಕ್ಕೂ ವಿಲೋಮ ಸಂಬಂಧವಿರುವುದರಿಂದ 10.40ನ್ನು 6.85ರಿಂದ ಗುಣಿಸಿ 7.1ರಿಂದ ಭಾಗಿಸಿದಾಗ 10.03 ಬಂತು. ತಂತಿಯನ್ನು ಕತ್ತರಿಸದೆ, ತುದಿಗಳನ್ನು ಹಿಂದಕ್ಕೆ ಮಡಿಚಿ ತನ್ನ ಮೇಲೆಯೇ ಬಿಗಿಯಾಗಿ ಸುತ್ತುತ್ತಾ ಆವರ್ತನವನ್ನು ಸ್ವಲ್ಪ ಸ್ವಲ್ಪವಾಗಿ ಮೇಲೆ ತಂದೆ, ಈಗ 7.100ರಲ್ಲಿ 1.3 ಇದೆ.

ನಡುಭಾಗ ಸುಮಾರು ಎಂಟು ಮೀಟರ್ ಎತ್ತರದಲ್ಲಿದ್ದು, ಕಾಲು ತರಂಗಕ್ಕಿಂತ ಕಡಿಮೆಯಾದ್ದರಿಂದ ಶಕ್ತಿಯ ಹೆಚ್ಚಿನ ಪಾಲು ನೇರ ಮೇಲಕ್ಕೆ ಹೋಗಿ ಅಯಾನುಗೋಳದಿಂದ ಮರಳುತ್ತದೆ. ದೂರದೇಶಗಳಿಗೆ ಇದು ಅನುಕೂಲವಲ್ಲ, ಆದರೆ ಹಗಲಿನಲ್ಲಿ ಹುಬ್ಬಳ್ಳಿ, ಮಂಗಳೂರಿನವರೊಡನೆ ಮಾತಾಡಲು ನನಗೆ ಬೇಕಿದ್ದುದು ಇದೇ. ಚೋಕಿನ ಬಳಿ ಕೇಬಲ್ಲಿನೊಳಕ್ಕೆ ನೀರು ಇಳಿಯದಂತೆ ಟೇಪು ಸುತ್ತುವ ಕೆಲಸವೂ, ಗುಡುಗಿನ ದಿನ ಕೇಬಲ್ಲನ್ನು ಮನೆಯ ಹೊರಗೇ ಬಿಚ್ಚಿಡಲು ಒಂದು ಜೋಡಣೆಯೂ ಏಪ್ರಿಲ್ ಮಳೆಗೆ ಮುಂಚೆ ಆಗಬೇಕಿವೆ.